ಮಲೆನಾಡಿನ ಮನೆಯಲ್ಲಿ ಹೊಗೆ-ದೂಳು ಅಳೆಯುವ ಪುಟ್ಟ ಕಂಪ್ಯೂಟರ್

ಬಯಲುಸೀಮೆಯಲ್ಲಿ ನೆಟ್ಟಗೆ ನಡೆಯುವ ದೂಳುಮಾಪಕ ತೀರ್ಥಹಳ್ಳಿ, ಹೊಸನಗರದ ಕಡೆ ಮಳೆ ಹಿಡಿದ ಕೂಡಲೇ ತಪ್ಪು ಲೆಕ್ಕ ಕೊಡತೊಡಗುತ್ತದೆ. ಅಗ್ಗದ ಸೆನ್ಸರ್ ಲೇಸರ್ ಬೆಳಕಿನಲ್ಲಿ ಕಣ ಎಣಿಸುತ್ತದೆ. ಮಂಜಿನ ಹನಿಯೂ ಅದಕ್ಕೆ ಕಣವೇ. ಹಾಗಾಗಿ ನಮ್ಮ ಕಡೆ ತೇವಾಂಶದ ಸೆನ್ಸರ್ ಜೊತೆಗಿಲ್ಲದೆ ದೂಳು ಅಳೆಯಲು ಹೋಗಲೇಬಾರದು.

ಬೇಕಾದ ಸಾಮಾನು: ಪಿನ್ ಬೆಸುಗೆ ಹಾಕಿಯೇ ಬರುವ ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂಎಚ್ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, 16 ಜಿಬಿ ಮೆಮೊರಿ ಕಾರ್ಡ್, 5 ವೋಲ್ಟ್ 2.5 ಆಂಪ್ ಅಡಾಪ್ಟರ್, ಯುಎಸ್‌ಬಿ ಜೋಡಣೆ ಸಮೇತ ಎಸ್‌ಡಿಎಸ್011 ದೂಳು ಸೆನ್ಸರ್, ಒಟಿಜಿ ಕೇಬಲ್, ಬಿಎಂಇ280 ತೇವಾಂಶ ಸೆನ್ಸರ್, ಡಿಎಸ್3231 ಗಡಿಯಾರ ಮಾಡ್ಯೂಲ್. ಹಾರ್ಡ್‌ವೇರ್ ಅಂಗಡಿಯಿಂದ 4 ಇಂಚಿನ ಪಿವಿಸಿ ಬೆಂಡ್ ಎರಡು, 6 ಮಿ.ಮೀ. ಒಳವ್ಯಾಸದ ಮೆದು ಪೈಪ್ ಗೇಣುದ್ದ, ಸೊಳ್ಳೆ ಪರದೆಯ ತುಂಡು.

ಬಿಎಂಇ280 ಕೊಳ್ಳುವಾಗ ಎಚ್ಚರ. ಅದೇ ಹೆಸರಲ್ಲಿ ಬಿಎಂಪಿ280 ಮಾರುತ್ತಾರೆ, ಅದು ತೇವಾಂಶ ಅಳೆಯುವುದೇ ಇಲ್ಲ. ಜೋಡಿಸಿ ಓದಿದಾಗ ಚಿಪ್ಪಿನ ಗುರುತಿನ ಸಂಖ್ಯೆ 0ಎಕ್ಸ್60 ಬಂದರೆ ಅಸಲಿ, 0ಎಕ್ಸ್58 ಬಂದರೆ ವಾಪಸ್ ಕೊಡಿ.

ಕಾರ್ಡಿಗೆ ರಾಸ್ಪ್‌ಬೆರಿ ಪೈ ಒಎಸ್ ಲೈಟ್ ಬರೆಯುವಾಗಲೇ ವೈಫೈ, ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿನಿಂದ ಲಾಗಿನ್ ಆಗುವ ದಾರಿ) ವಿವರ ತುಂಬಿಬಿಡಿ. ಈ ಬೋರ್ಡ್ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತದೆ. ಮೊಬೈಲ್ ಹಾಟ್‌ಸ್ಪಾಟ್ 5ರಲ್ಲಿದ್ದರೆ ಕಾಣಿಸುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಐ2ಸಿ (ಸೆನ್ಸರ್‌ಗಳ ಜೊತೆ ಮಾತಾಡುವ ತಂತಿ ದಾರಿ) ಆನ್ ಮಾಡಿ. ಬಿಎಂಇ280 ಮತ್ತು ಗಡಿಯಾರ ಎರಡಕ್ಕೂ ಒಂದೇ ನಾಲ್ಕು ತಂತಿ: 1ನೇ ಪಿನ್ 3.3 ವೋಲ್ಟ್, 3 ಎಸ್‌ಡಿಎ, 5 ಎಸ್‌ಸಿಎಲ್, 6 ಗ್ರೌಂಡ್. ತಂತಿ ಅರ್ಧ ಮೀಟರ್ ಮೀರದಿರಲಿ. ಐ2ಸಿ ಸ್ಕ್ಯಾನ್ ಮಾಡಿದಾಗ ಬಿಎಂಇ280ರ ವಿಳಾಸ 76 (ಕೆಲವು ಬೋರ್ಡಿನಲ್ಲಿ 77) ಮತ್ತು ಗಡಿಯಾರದ ವಿಳಾಸ 68 ಕಾಣಬೇಕು. ಗಡಿಯಾರ ದುಂದುವೆಚ್ಚವಲ್ಲ: ಈ ಪೈಗೆ ಸ್ವಂತ ಗಡಿಯಾರವಿಲ್ಲ. ಕರೆಂಟ್ ಹೋಗಿ ಬಂದಾಗ ನೆಟ್ ಇಲ್ಲದಿದ್ದರೆ ಹಳೇ ಸಮಯವನ್ನೇ ಹಾಕಿ ಬರೆಯುತ್ತಾ ಹೋಗುತ್ತದೆ.

ಎಸ್‌ಡಿಎಸ್011 ಅನ್ನು ಒಟಿಜಿ ಮೂಲಕ ಚುಚ್ಚಿ, ಪೈಥಾನಿನ ಪೈಸೀರಿಯಲ್ ಲೈಬ್ರರಿಯಿಂದ 9600 ಬಾಡ್ ವೇಗದಲ್ಲಿ ಓದಿ. ಅನುಮತಿ ಇಲ್ಲ ಎಂದರೆ ನಿಮ್ಮ ಬಳಕೆದಾರರನ್ನು ಡಯಲ್‌ಔಟ್ (ಸೀರಿಯಲ್ ಪೋರ್ಟ್ ಬಳಸಬಲ್ಲವರ) ಗುಂಪಿಗೆ ಸೇರಿಸಿ. ಸೆನ್ಸರ್ ಕಳಿಸುವ ಒಂದೊಂದು ಕಂತಿನಲ್ಲಿ 10 ಬೈಟ್: ಎಎ, ಸಿ0ಯಿಂದ ಶುರು, ಎಬಿಯಿಂದ ಮುಕ್ತಾಯ. ಮೂರನೇ ಬೈಟಿಗೆ ನಾಲ್ಕನೆಯದರ 256 ಪಟ್ಟು ಕೂಡಿಸಿ 10ರಿಂದ ಭಾಗಿಸಿದರೆ ಪಿಎಂ2.5 (2.5 ಮೈಕ್ರಾನ್‌ವರೆಗಿನ ಸಣ್ಣ ಕಣ), ಐದು, ಆರನೆಯದರಿಂದ ಹಾಗೇ ಪಿಎಂ10 (10 ಮೈಕ್ರಾನ್‌ವರೆಗಿನ ಕಣ). ಮೂರರಿಂದ ಎಂಟರವರೆಗಿನ ಮೊತ್ತದ ಕೊನೆಯ ಬೈಟ್ ಒಂಬತ್ತನೆಯದಕ್ಕೆ ತಾಳೆಯಾಗದಿದ್ದರೆ ಆ ಕಂತನ್ನು ಬಿಸಾಡಿ.

ಲೇಸರಿನ ಆಯುಸ್ಸು ಸುಮಾರು 8000 ಗಂಟೆ. ಬಿಡದೆ ಓಡಿಸಿದರೆ ವರ್ಷವೂ ಬಾಳದು. ಸೆನ್ಸರಿನ ಕೆಲಸದ ಸುತ್ತನ್ನು 5 ನಿಮಿಷಕ್ಕೆ ಇಡಿ: 30 ಸೆಕೆಂಡ್ ಓಡಿ ಉಳಿದ ಹೊತ್ತು ಮಲಗುತ್ತದೆ. ದಿನಕ್ಕೆ 288 ಸಾಲು, ಅಷ್ಟು ಸಾಕು. ಪ್ರತಿ ಸಾಲಿನಲ್ಲೂ ಸಮಯ, ಎರಡೂ ಪಿಎಂ, ಉಷ್ಣತೆ, ತೇವಾಂಶ ಇರಲಿ.

ಪೈಯನ್ನು ಕಿಟಕಿಯ ಒಳಗಿಟ್ಟು ಸೆನ್ಸರ್‌ಗಳನ್ನು ಮಾತ್ರ ಸೂರಿನಡಿ ತೂಗಿಸಿ. ಎರಡು ಬೆಂಡ್ ಜೋಡಿಸಿ ಎರಡೂ ಬಾಯಿ ಕೆಳಮುಖವಾಗಿಸಿ, ಎಸ್‌ಡಿಎಸ್011 ಮಧ್ಯೆ ಕೂರಿಸಿ. ಗಾಳಿ ಎಳೆಯುವ ಪೈಪ್ ಒಂದು ಬಾಯಿಗೆ ಬರಲಿ, ಫ್ಯಾನಿನಿಂದ ಹೊರಬಿದ್ದ ಗಾಳಿ ಇನ್ನೊಂದರಿಂದ ಹೋಗಲಿ. ಪೈಪ್ ಉದ್ದವಾದಷ್ಟೂ, ಬಾಗಿದಷ್ಟೂ ದಪ್ಪ ಕಣ ಒಳಗೇ ಅಂಟಿ ಪಿಎಂ10 ಕಡಿಮೆ ತೋರುತ್ತದೆ. ಬಾಯಿಗೆ ಸೊಳ್ಳೆ ಪರದೆ ಕಟ್ಟದಿದ್ದರೆ ಜೇಡ ಬಲೆ ಹೆಣೆಯುತ್ತದೆ, ಕಣಜ ಮಣ್ಣು ಮೆತ್ತುತ್ತದೆ. ಅಂಕಿ ದಿನಗಟ್ಟಲೆ ಅಲುಗದೆ ನಿಂತರೆ ಮೊದಲು ಅದನ್ನೇ ನೋಡಿ. ಬಚ್ಚಲ ಒಲೆಯ ಹೊಗೆಗೂಡು, ಅಡಿಕೆ ಬೇಯಿಸುವ ಜಾಗದಿಂದ ದೂರವಿರಲಿ. ಆ ಹೊಗೆಯನ್ನೇ ಅಳೆಯುವುದಾದರೆ ಅದಕ್ಕೆ ಬೇರೆ ಸೆನ್ಸರ್ ಇಡಿ. ಅಡಿಕೆ ಕೊನೆ (ಗೊನೆ) ಕೊಯ್ಲಿನ ದಿನಗಳಲ್ಲಿ ಹಂಡೆಯ ಮುಂದೆ ತಾಸುಗಟ್ಟಲೆ ಕೂರುವವರ ಉಸಿರಿಗೆ ಏನು ಹೋಗುತ್ತಿದೆ ಎಂಬುದು ತಿಳಿಯಲೇಬೇಕಾದ ಸಂಗತಿ.

ಊದುಬತ್ತಿ ಹಚ್ಚಿ ಪೈಪಿನ ಬಳಿ ಹಿಡಿಯಿರಿ. ಅಂಕಿ ನೂರಾರಕ್ಕೆ ಜಿಗಿದು, ತೆಗೆದ ಮೇಲೆ ಕೆಲವೇ ಓದುಗಳಲ್ಲಿ ಇಳಿಯಬೇಕು.

ಎಸ್‌ಡಿಎಸ್011 ತಯಾರಕರ ಭರವಸೆ ಶೇ 70 ತೇವಾಂಶದವರೆಗೆ ಮಾತ್ರ. ಅದನ್ನು ದಾಟಿದ ಸಾಲುಗಳಿಗೆ ಗುರುತು ಹಾಕಿ; 90 ದಾಟಿದ್ದನ್ನು ಸರಾಸರಿಗೆ ಸೇರಿಸಬೇಡಿ. ಆಷಾಢದಲ್ಲಿ ದಿನಗಟ್ಟಲೆ ಒಂದು ಸಾಲೂ ಲೆಕ್ಕಕ್ಕೆ ಸಿಗದೇ ಹೋಗಬಹುದು, ಚಿಂತೆಯಿಲ್ಲ. ಬೆಳಗಿನ ಮಂಜಿನಲ್ಲಿ ಏರಿದ ಅಂಕಿ ಬಿಸಿಲೇರಿ ತೇವಾಂಶ ಇಳಿದಂತೆ ತಾನೂ ಇಳಿದರೆ ಅದು ಬಹುಪಾಲು ನೀರು. ತೇವಾಂಶ 50ರ ಆಸುಪಾಸಿನಲ್ಲಿದ್ದೂ ಏರಿದರೆ ಹೊಗೆ ಅಥವಾ ದೂಳು.

ದೇಶದ ಮಾನದಂಡದಲ್ಲಿ ಪಿಎಂ2.5ಕ್ಕೆ ಘನಮೀಟರಿಗೆ 60 ಮೈಕ್ರೋಗ್ರಾಂ, ಪಿಎಂ10ಕ್ಕೆ 100. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15 ಮತ್ತು 45. ಇವೆಲ್ಲ 24 ಗಂಟೆಯ ಸರಾಸರಿ, ಒಂದು ಕ್ಷಣದ ಅಂಕಿಗೆ ಹೋಲಿಸಬೇಡಿ. ಶಿವಮೊಗ್ಗ ಪೇಟೆಯಲ್ಲಿರುವವರು ವಿನೋಬನಗರದ ಮಾಲಿನ್ಯ ನಿಯಂತ್ರಣ ಮಂಡಳಿ ಕೇಂದ್ರದ ಅಂಕಿಗಳ ಪಕ್ಕ ತಮ್ಮದನ್ನು ಇಟ್ಟು ನೋಡಬಹುದು. ಏರಿಳಿತ ಒಟ್ಟಿಗೆ ಸಾಗಿದರೆ ಸಾಕು. ಗುಡುಗು-ಮಿಂಚಿನ ಸಂಜೆಗಳಲ್ಲಿ ಅಡಾಪ್ಟರ್ ಕಿತ್ತಿಡಿ, ಅದಕ್ಕೆ ಮೊದಲು ಪೈಯನ್ನು ಸರಿಯಾಗಿ ಶಟ್‌ಡೌನ್ ಮಾಡಿ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಾರ್ಡ್ ಕೆಡಬಹುದು.