ಪ್ರೇಮಕ್ಕೂ ಸುಂಕ ಹಾಕಿದ ಮೇಲೆ ನನ್ನ ಕಾದಂಬರಿ ಓಡಿತು

"ಪ್ರೇಮ ಬೇಕಾದವರು ನಕ್ಷೆ ನೋಡಲ್ಲ, ನಕ್ಷೆ ನೋಡೋರು ಪ್ರೇಮ ಓದಲ್ಲ." ನಾನು ಬರೆಯುವುದು ಫ್ಯಾಂಟಸಿ ಪ್ರೇಮಕಥೆ, ಅಂದರೆ ನಕ್ಷೆ ಸಮೇತ ಕಟ್ಟಿದ ಕಲ್ಪನೆಯ ಲೋಕದಲ್ಲಿ ನಡೆಯುವ ಪ್ರೇಮ. ಕರಡು ಓದಿದ ಬರಹಗಾರ ಗೆಳೆಯರೆಲ್ಲ ಹೇಳಿದ್ದು ಇದನ್ನೇ. ಈಗ ಮೂರನೇ ಪುಸ್ತಕ ಚೆನ್ನಾಗಿ ಓಡುತ್ತಿದೆ, ಅವರೇ ಫೋನ್ ಮಾಡಿ ಹೇಗೆ ಅಂತ ಕೇಳುತ್ತಿದ್ದಾರೆ.

ಮೊದಲೆರಡರಲ್ಲಿ ಎಲ್ಲರೂ ಹೇಳಿಕೊಡುವ ದಾರಿಯನ್ನೇ ಹಿಡಿದಿದ್ದೆ. ಒಂದು ಅಧ್ಯಾಯ ಯುದ್ಧ, ಒಂದು ಅಧ್ಯಾಯ ಪ್ರೇಮ. ಚಂದಾ ಕಟ್ಟಿ ಇ-ಪುಸ್ತಕ ಓದುವ ಅಮೆಜಾನ್‌ನ ಕಿಂಡಲ್ ಅನ್‌ಲಿಮಿಟೆಡ್‌ನಲ್ಲಿ ಲೇಖಕರಿಗೆ ದುಡ್ಡು ಬರುವುದು ಓದಿದ ಪುಟದ ಲೆಕ್ಕದಲ್ಲಿ ಅಲ್ವಾ, ಆ ಲೆಕ್ಕ ಮೇಲೇಳಲೇ ಇಲ್ಲ. ಒಬ್ಬ ಓದುಗರಂತೂ ಬರೆದೇಬಿಟ್ಟರು: "ಚುಂಬನದ ಪುಟ ಹಾರಿಸಿದೆ, ಕಥೆ ಏನೂ ತಪ್ಪಲಿಲ್ಲ."

ದುಡ್ಡು ಜಾಸ್ತಿ ಹೋಗಿದ್ದು ಮುಖಪುಟಕ್ಕೆ. ಅಪ್ಪಿಕೊಂಡ ಜೋಡಿಯ ಚಿತ್ರಕ್ಕೆ ಮೊದಲ ಪುಸ್ತಕದ ಗಳಿಕೆ ಪೂರ್ತಿ ಸುರಿದೆ. ಅದನ್ನು ನೋಡಿ ಬಂದವರಿಗೆ ಒಳಗೆ ಸಿಕ್ಕಿದ್ದು ನಲವತ್ತು ಪುಟದ ಸಿಂಹಾಸನದ ಜಗಳ. ಒಂದೇ ಸ್ಟಾರ್ ಕೊಟ್ಟು ಹೋದರು. ಮೂರನೆಯದಕ್ಕೆ ಬರೀ ಒಂದು ದೋಣಿ, ಹಿಂದೆ ನಕ್ಷೆ. ಖರ್ಚು ಅರ್ಧಕ್ಕಿಂತ ಕಡಿಮೆ.

ಈ ಸಲ ಪ್ರೇಮವನ್ನು ಲೋಕದ ಕಾನೂನಿನೊಳಗೇ ಕೂರಿಸಿದೆ. ಆ ಲೋಕದಲ್ಲೊಂದು ನದಿ, ಅದನ್ನು ದಾಟಿದವರು ಒಂದು ನೆನಪನ್ನು ಸುಂಕವಾಗಿ ಕೊಡಬೇಕು. ಯಾವುದು ಹೋಗಬೇಕೆಂದು ಆರಿಸುವುದು ನದಿ. ನಾಯಕಿ ದೋಣಿ ನಡೆಸುವವಳು, ನಾಯಕ ಸುಂಕದ ಲೆಕ್ಕ ಬರೆಯುವವನು. ಅವಳನ್ನು ನೋಡಲು ಬಂದಾಗಲೆಲ್ಲ ಅವನ ತಲೆಯಿಂದ ಏನೋ ಒಂದು ಖಾಲಿ. ಒಮ್ಮೆ ದಡಕ್ಕಿಳಿದು, "ನಿಮ್ಮ ಹೆಸರೇನು?" ಅಂತ ಅವಳನ್ನೇ ಕೇಳುತ್ತಾನೆ. ಅವಳು ಮಾತಾಡದೆ ಅವನ ಲೆಕ್ಕದ ಪುಸ್ತಕ ತೆರೆಯುತ್ತಾಳೆ. ಕಳ್ಳಸಾಗಣೆ ಮಾಡುವವರ ಪಟ್ಟಿಯಲ್ಲಿ ಅವಳ ಹೆಸರಿದೆ, ಅವನದೇ ಅಕ್ಷರದಲ್ಲಿ. ಕಥೆ ತಿರುಗುವುದೂ ಅಲ್ಲೇ, ಪ್ರೇಮ ಕೆಡುವುದೂ ಅಲ್ಲೇ. ಈ ಪುಟವನ್ನು ಹಾರಿಸಿದರೆ ಮುಂದಿನದು ಅರ್ಥವಾಗಲ್ಲ.

ನಡುವೆ ಇನ್ನೊಂದು ಹುಚ್ಚು ಹತ್ತಿತ್ತು. ಆ ಲೋಕಕ್ಕೆ ಎರಡು ಚಂದ್ರ ಇಟ್ಟು, ಉಬ್ಬರ ಇಳಿತದ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತಿಂಗಳುಗಟ್ಟಲೆ ತಯಾರಿಸಿದೆ. ಬಳಸಿದ್ದು ಒಂದೇ ಸಾಲು: ಎರಡೂ ಚಂದ್ರ ಒಂದೇ ನೇರಕ್ಕೆ ಬಂದಾಗ ಉಬ್ಬರ ಜೋರು, ನದಿ ಕಡಲು ಸೇರುವ ಅಳಿವೆಯಲ್ಲಿ ದೋಣಿ ಹೊರಡಲ್ಲ. ಮೂರು ರಾತ್ರಿ ಇಬ್ಬರೂ ಒಂದೇ ದಡದಲ್ಲಿ! ಸುಮ್ನೆ ಮಳೆ ಸುರಿಸಿ ಗುಡಿಸಲಿಗೆ ನುಗ್ಗಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಪ್ರೀತಿಯನ್ನು ಮೊದಲು ಬಾಯಿಬಿಟ್ಟು ಹೇಳುವುದು ಯಾರು, ಎಷ್ಟನೇ ಅಧ್ಯಾಯದಲ್ಲಿ ಅನ್ನುವುದಕ್ಕೂ ನನ್ನದೊಂದು ಲೆಕ್ಕ ಇದೆ. ಅದನ್ನು ಮಾತ್ರ ಹೇಳಲ್ಲ.

ಓದಿದ ಪುಟಗಳು ಮೊದಲೆರಡೂ ಸೇರಿದರೆ ಆಗುವುದರ ಸುಮಾರು ನಾಲ್ಕು ಪಟ್ಟು ಬಂದಿವೆ. ಸಂಪಾದಕರ ಬಾಕಿ ತೀರಿತು. ಹಳೆಯ ಎರಡಕ್ಕೂ ಹೊಸ ಮುಖಪುಟ ಹಾಕಿಸುತ್ತಿದ್ದೇನೆ. ಒಳಗಿನ ಕಥೆ ಮುಟ್ಟಲ್ಲ, ಅಷ್ಟು ತಾಳ್ಮೆ ನನಗಿಲ್ಲ.