ಹೊನ್ನಾವರದಲ್ಲಿ ಎರಡು ದಿನ: ತಿಥಿ ನೋಡಿ ಹೊರಡಿ, ನೀರು ನೋಡಿ ತಿರುಗಿ

ಶನಿವಾರ ಬೆಳಿಗ್ಗೆ ಗೋಕರ್ಣ, ಮಧ್ಯಾಹ್ನ ಮಿರ್ಜಾನ್ ಕೋಟೆ, ಸಂಜೆ ಮುರ್ಡೇಶ್ವರ, ಭಾನುವಾರ ಜೋಗ, ಅದೇ ರಾತ್ರಿ ವಾಪಸ್. ವಿಶ್ರಾಂತಿಗೆಂದು ಕರಾವಳಿಗೆ ಹೊರಡುವವರು ನನ್ನ ಮುಂದೆ ಹಿಡಿಯುವ ಪಟ್ಟಿ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಎರಡು ದಿನದ ಬಹುಪಾಲನ್ನು ಹೆದ್ದಾರಿಯಲ್ಲೇ ಕಳೆದು, ಬಂದದ್ದಕ್ಕಿಂತ ದಣಿದು ಮರಳುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಪಟ್ಟಿಯನ್ನು ಹರಿದುಹಾಕಿ. ಒಂದೇ ಊರು ಸಾಕು. ನನ್ನನ್ನು ಕೇಳಿದರೆ ಆ ಊರು ಹೊನ್ನಾವರ. ನದಿ, ಅಳಿವೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕಡಲು ಎಲ್ಲವೂ ಆಟೋ ಹೋಗುವಷ್ಟು ದೂರದಲ್ಲೇ ಇವೆ. ಗೋಕರ್ಣದ ಜನಜಂಗುಳಿಯೂ ಇಲ್ಲ.

ಮೊದಲು ತಿಂಗಳು

ನವೆಂಬರ್‌ನಿಂದ ಫೆಬ್ರುವರಿವರೆಗೆ ಹೋಗಿ. ಡಿಸೆಂಬರ್ ಕೊನೆಯ ವಾರ ಬೇಡ. ಮಳೆಗಾಲದಲ್ಲಿ ಕಡಲಿಗೆ ಇಳಿಯುವ ಮಾತೇ ಇಲ್ಲ.

ರೈಲು ಮತ್ತು ಕೋಣೆಯನ್ನು ಒಟ್ಟಿಗೆ ಯೋಚಿಸಿ

ಬೆಂಗಳೂರಿನವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಸಂಜೆ ಹತ್ತಿದರೆ ಸಕಲೇಶಪುರದ ಘಟ್ಟ ಇಳಿದು ಬೆಳಗಿನ ಹೊತ್ತಿಗೆ ಹೊನ್ನಾವರ. ಟಿಕೆಟ್ 60 ದಿನ ಮೊದಲೇ ತೆರೆಯುತ್ತದೆ, ವಾರಾಂತ್ಯದ ಬರ್ತ್‌ಗಳು ಬೇಗ ಮುಗಿಯುತ್ತವೆ. ಶುಕ್ರವಾರ ಕಚೇರಿ ಮುಗಿಸಿ ರಾತ್ರಿಯಿಡೀ ಕಾರು ಓಡಿಸಿ ಬರುವವರಿದ್ದಾರೆ. ಗೇರುಸೊಪ್ಪೆ ಘಟ್ಟದ ತಿರುವುಗಳನ್ನು ನಿದ್ದೆಗಣ್ಣಿನಲ್ಲಿ ಇಳಿಯುವುದು ಅಪಾಯ, ದಯವಿಟ್ಟು ಬೇಡ.

ಹೆಚ್ಚಿನವರು ಎಡವುವುದು ಕೋಣೆಯ ವಿಷಯದಲ್ಲಿ. ರೈಲು ಇಳಿಯುವುದು ಬೆಳಿಗ್ಗೆ, ಕೋಣೆ ಸಿಗುವುದು ಮಧ್ಯಾಹ್ನ ಹನ್ನೆರಡಕ್ಕೆ. ನಡುವಿನ ಅಷ್ಟೂ ಹೊತ್ತು ಬ್ಯಾಗುಗಳ ಮೇಲೆ ಕುಳಿತು ಕಳೆದರೆ ಮೊದಲ ದಿನ ಅಲ್ಲಿಗೇ ಕೆಟ್ಟಂತೆ. ಆದ್ದರಿಂದ ಆ್ಯಪ್‌ನಲ್ಲಿ ಫೋಟೋ ನೋಡಿ ದುಡ್ಡು ಕಟ್ಟುವ ಬದಲು ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಬೆಳಿಗ್ಗೆಯೇ ಕೋಣೆ ಕೊಡುತ್ತೀರಾ, ಅದಕ್ಕೆ ಎಷ್ಟು ಹೆಚ್ಚು? ಹೆದ್ದಾರಿ 66ರಿಂದ ಎಷ್ಟು ದೂರ? ಮನೆಯೂಟ ಸಿಗುತ್ತದೆಯೇ? ಎರಡನೆಯ ಪ್ರಶ್ನೆಗೆ ‘ಹೆದ್ದಾರಿ ಪಕ್ಕದಲ್ಲೇ, ಬಹಳ ಅನುಕೂಲ’ ಎಂಬ ಉತ್ತರ ಬಂದರೆ ಬೇರೆ ಜಾಗ ಹುಡುಕಿ, ಅಲ್ಲಿ ಲಾರಿಗಳ ಸದ್ದು ರಾತ್ರಿಯೂ ನಿಲ್ಲುವುದಿಲ್ಲ. ಹೊನ್ನಾವರದ ಪಕ್ಕದ ಕಾಸರಕೋಡು (ಕೇರಳದ ಕಾಸರಗೋಡಲ್ಲ) ಅಥವಾ ಅಪ್ಸರಕೊಂಡದ ಕಡೆಯ ಹೋಂಸ್ಟೇ ನನ್ನ ಆಯ್ಕೆ. ಸಮುದ್ರ ಕಾಣುವ ಕೋಣೆಗೆಂದು ಹೆಚ್ಚು ಹಣ ಕೊಡಬೇಡಿ. ಅದೇ ಹಣವನ್ನು ಬೆಳಗಿನ ಕೋಣೆಗೆ ಕೊಡಿ.

ನೀರಿನ ವೇಳಾಪಟ್ಟಿ

ಈ ಹಂತಕ್ಕೆ ತಾಳ್ಮೆ ಬೇಕು. ಹೊನ್ನಾವರದಲ್ಲಿ ಏನನ್ನು ಯಾವಾಗ ನೋಡಬೇಕೆಂದು ನಿರ್ಧರಿಸುವುದು ಗಡಿಯಾರವಲ್ಲ, ಭರತ ಮತ್ತು ಇಳಿತ, ಅಂದರೆ ಕಡಲ ನೀರು ಏರುವ ಮತ್ತು ಇಳಿಯುವ ಹೊತ್ತು. ಇದನ್ನು ನೋಡದೆ ಬಂದವರು ನಡು ಮಧ್ಯಾಹ್ನ, ನೀರು ಇಳಿದು ಕೆಸರೆದ್ದಿರುವಾಗ ದೋಣಿ ಕೇಳುತ್ತಾರೆ. ಅಂಬಿಗ ಆಳವಿರುವ ನಡುಹೊಳೆಯಲ್ಲೇ ಒಂದು ಸುತ್ತು ಹಾಕಿಸಿ ಬಿಡುತ್ತಾನೆ. ಕಾಂಡ್ಲಾದ ಒಳಗಿನ ಕವಲುಗಳನ್ನು ಅವರು ನೋಡುವುದೇ ಇಲ್ಲ. ತಪ್ಪು ಅಂಬಿಗನದಲ್ಲ, ಕವಲಿನಲ್ಲಿ ನೀರೇ ಇರುವುದಿಲ್ಲ.

ಲೆಕ್ಕ ಸುಲಭ. ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಮುಂದಿನ ಇಳಿತಕ್ಕೆ ಆರು ಗಂಟೆಗಿಂತ ಚೂರು ಹೆಚ್ಚು. ದಿನದಿಂದ ದಿನಕ್ಕೆ ಇದು ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನಮ್ಮ ಕರಾವಳಿಯಲ್ಲಿ ಭರತ ಬರುವುದು ಹೆಚ್ಚುಕಡಿಮೆ ನಡುಹಗಲಿಗೆ, ಇಳಿತ ಸಂಜೆಗೆ. ಆಗ ಏರಿಳಿತವೂ ದೊಡ್ಡದು, ಸೆಳೆತವೂ ಜೋರು. ಅಷ್ಟಮಿಯ ಹೊತ್ತಿಗೆ ಇದು ತಿರುಗಿ, ಇಳಿತ ನಡುಹಗಲಿಗೆ, ಭರತ ಸಂಜೆಗೆ ಬರುತ್ತದೆ. ಏರಿಳಿತ ಸಣ್ಣದಾಗಿ ನೀರು ಸೌಮ್ಯವಾಗಿರುತ್ತದೆ.

ಹಾಗಾಗಿ ಟಿಕೆಟ್ ಕಾದಿರಿಸುವ ಮೊದಲು ಗೋಡೆಯ ಕ್ಯಾಲೆಂಡರ್ ತೆಗೆದು, ಅಷ್ಟಮಿಗೆ ಹತ್ತಿರದ ಶನಿವಾರವನ್ನು ಆರಿಸಿ. ಆ ವಾರಾಂತ್ಯದಲ್ಲಿ ದಿನ ತಾನಾಗಿ ಜೋಡಿಕೊಳ್ಳುತ್ತದೆ.

ಹತ್ತು ಗಂಟೆಗೆ, ನೀರು ಇಳಿಯುತ್ತಿರುವಾಗ, ಕಾಸರಕೋಡಿನ ಬಳಿ ಅರಣ್ಯ ಇಲಾಖೆಯ ಶರಾವತಿ ಕಾಂಡ್ಲಾ ನಡಿಗೆ ಹಾದಿಗೆ ಹೋಗಿ. ಹಲಗೆಯ ಮೇಲೆ ಅವಸರದಿಂದ ನಡೆದರೆ ಹಸಿರು ಗಿಡಗಳಷ್ಟೇ ಕಾಣುತ್ತವೆ. ಒಂದು ಕಡೆ ನಿಂತು, ಮಾತು ನಿಲ್ಲಿಸಿ, ಕೆಳಗಿನ ಕೆಸರನ್ನು ಐದು ನಿಮಿಷ ನೋಡಿ. ನಿಮ್ಮ ಹೆಜ್ಜೆಸದ್ದಿಗೆ ಬಿಲ ಸೇರಿದ್ದ ಏಡಿಗಳು ಒಂದೊಂದಾಗಿ ಹೊರಬರುತ್ತವೆ. ಗಂಡು ಏಡಿಗೆ ಒಂದು ಕೊಂಡಿ ಮೈಯಷ್ಟೇ ದೊಡ್ಡದು, ಇನ್ನೊಂದು ಕಂಡೂ ಕಾಣದಷ್ಟು ಚಿಕ್ಕದು. ಚಿಕ್ಕದರಿಂದ ಕೆಸರನ್ನು ಬಾಯಿಗಿಡುತ್ತ, ದೊಡ್ಡದನ್ನು ಎತ್ತಿ ಇಳಿಸಿ ಹೆಣ್ಣನ್ನು ಕರೆಯುತ್ತದೆ. ಪೆನ್ಸಿಲ್ ನೆಟ್ಟ ಹಾಗೆ ಕೆಸರಿನಿಂದ ಮೇಲೆದ್ದಿರುವ ಬೇರುಗಳು ಗಿಡದ ಉಸಿರಾಟಕ್ಕೆಂದೇ ಇರುವಂಥವು. ಅವುಗಳ ನಡುವೆ ರೆಕ್ಕೆಯೂರಿ ಕುಪ್ಪಳಿಸುವ ಪುಟ್ಟ ಮೀನುಗಳೂ ಕಾಣುತ್ತವೆ. ಭರತದಲ್ಲಿ ಬಂದರೆ ಇದೆಲ್ಲವೂ ನೀರಿನಡಿಯಲ್ಲಿರುತ್ತದೆ.

ಮಧ್ಯಾಹ್ನ ಊಟ, ನಿದ್ದೆ. ಹನ್ನೆರಡರಿಂದ ಮೂರೂವರೆವರೆಗೆ ಏನನ್ನೂ ಇಟ್ಟುಕೊಳ್ಳಬೇಡಿ, ಮಕ್ಕಳು ಎಷ್ಟೇ ಹಟ ಮಾಡಲಿ. ನಾಲ್ಕೂವರೆಗೆ ಶರಾವತಿಯಲ್ಲಿ ದೋಣಿ ಹತ್ತಿ. ಕಡಲಿಗಿಂತ ಹೊಳೆಯೊಳಗೆ ಭರತ ಸ್ವಲ್ಪ ತಡವಾಗಿ ಬರುವುದರಿಂದ, ಒಂದು ದಿನ ಮೊದಲೇ ಅಂಬಿಗನಿಗೆ ಫೋನ್ ಮಾಡಿ, ‘ನಾಳೆ ಸಂಜೆ ಭರತ ಎಷ್ಟು ಹೊತ್ತಿಗೆ?’ ಎಂದು ಕೇಳಿ. ಮೊಬೈಲ್ ಆ್ಯಪ್‌ಗಳು ದೂರದ ಬಂದರಿನ ವೇಳೆಯನ್ನೇ ತೋರಿಸುವುದುಂಟು. ಅಂಬಿಗನ ಮಾತೇ ಕೊನೆಯದು. ದರ, ಸಮಯ, ಕವಲಿನ ಒಳಗೆ ಕರೆದೊಯ್ಯುವುದು, ಮೂರನ್ನೂ ಹತ್ತುವ ಮೊದಲೇ ಮಾತಾಡಿ. ಲೈಫ್ ಜಾಕೆಟ್ ಕೊಡದಿದ್ದರೆ ಹತ್ತಬೇಡಿ. ಮರಳುವಾಗ ಎರಡು ಕಿಲೋಮೀಟರಿಗೂ ಉದ್ದದ ರೈಲು ಸೇತುವೆಯನ್ನು ನೀರಿನ ಮಟ್ಟದಿಂದ ನೋಡಬಹುದು.

ಅಷ್ಟಮಿ ಹೊಂದದಿದ್ದರೆ ಕ್ರಮ ತಿರುಗಿಸಿ: ಬೆಳಿಗ್ಗೆ ನೀರು ಏರುವಾಗ ದೋಣಿ, ಸಂಜೆ ಇಳಿತದಲ್ಲಿ ಅಗಲವಾದ ಮರಳಿನ ಮೇಲೆ ನಡಿಗೆ.

ಕಡಲಿಗೆ ಇಳಿಯುವವರಿಗೆ

ಶರಾವತಿ ಕಡಲು ಸೇರುವ ಅಳಿವೆಯಲ್ಲಿ ಈಜಬೇಡಿ. ಮೇಲೆ ಶಾಂತವಾಗಿ ಕಂಡರೂ ಅಡಿಯಲ್ಲಿ ಎರಡು ನೀರುಗಳ ಸೆಳೆತವಿರುತ್ತದೆ. ಈಜುವುದಿದ್ದರೆ ಕಾಸರಕೋಡಿನ ಇಕೋ ಬೀಚ್‌ನಲ್ಲಿ, ಜೀವರಕ್ಷಕರು ಗುರುತು ಮಾಡಿದ ಜಾಗದ ಒಳಗೆ ಮಾತ್ರ. 2020ರಲ್ಲಿ ಪಡುಬಿದ್ರಿಯ ಜೊತೆಗೆ ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ತೀರವಿದು. ಸ್ನಾನ, ಬಟ್ಟೆ ಬದಲಾವಣೆಗೆ ವ್ಯವಸ್ಥೆ ಇದೆ, ಹಿಂದೆಯೇ ಗಾಳಿಮರಗಳ ನೆರಳು. ಅಲೆ ಒಳಕ್ಕೆ ಎಳೆದರೆ ದಡದ ಕಡೆಗೇ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ದಾಟಿದ ಮೇಲೆ ಹೊರಗೆ ಬನ್ನಿ.

ಜನವರಿಯ ನಂತರ ಬಂದರೆ ಇನ್ನೊಂದು ಮಾತು. ಕಾಸರಕೋಡಿನ ಟೊಂಕ ಎಂಬ ತೀರದ ಮರಳಿಗೆ ಕಡಲಾಮೆಗಳು ಮೊಟ್ಟೆಯಿಡಲು ರಾತ್ರಿ ಬರುತ್ತವೆ. ಬೆಳಕು ಕಂಡರೆ ತಾಯಿ ಮೊಟ್ಟೆಯಿಡದೆ ಮರಳಬಹುದು, ಮರಿಗಳಿಗೆ ದಿಕ್ಕು ತಪ್ಪುತ್ತದೆ. ಬೆಂಕಿ ಹಾಕುವುದು, ಟಾರ್ಚ್ ಬಿಡುವುದು, ಹಾಡು ಹಾಕುವುದು ಬೇಡವೇ ಬೇಡ.

ಊಟ

ಮೆನು ಕೈಗೆ ತೆಗೆದುಕೊಳ್ಳದೆ, ‘ಇವತ್ತು ಯಾವ ಮೀನು ಬಂದಿದೆ?’ ಎಂದು ಕೇಳಿ. ಬಂಗಡೆಯೋ ನೊಗಲಿಯೋ ಶೆಟ್ಲಿಯೋ, ಬಂದದ್ದನ್ನೇ ತಿನ್ನಿ. ಸಸ್ಯಾಹಾರಿಗಳು ಹೋಂಸ್ಟೇಯಲ್ಲಿ ಮೊದಲೇ ಹೇಳಿ ತಂಬುಳಿ ಮಾಡಿಸಿಕೊಳ್ಳಿ. ಜೂನ್, ಜುಲೈನಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಆಗ ಹೋಟೆಲಿನಲ್ಲಿ ಸಿಗುವುದು ಹೆಚ್ಚಾಗಿ ಐಸಿನ ಮೀನು.

ಬ್ಯಾಗಿನಲ್ಲಿ

ಹತ್ತಿ ಬಟ್ಟೆ, ಟೋಪಿ, ಹಿಂದೆ ಪಟ್ಟಿಯಿರುವ ರಬ್ಬರ್ ಚಪ್ಪಲಿ. ತೀರದಲ್ಲಿ ಮಾರುವ ಅಗ್ಗದ ಪ್ಲಾಸ್ಟಿಕ್ ಮೊಬೈಲ್ ಚೀಲವನ್ನು ನಂಬಬೇಡಿ. ಒಳಗೆ ಒಣ ಕಾಗದ ಇಟ್ಟು ಅರ್ಧ ಗಂಟೆ ಬಕೆಟ್ ನೀರಿನಲ್ಲಿ ಮುಳುಗಿಸಿ ನೋಡಿ, ಕಾಗದ ತೇವವಾದರೆ ಎಸೆಯಿರಿ.

ಭಾನುವಾರ

ಒಂದೇ ಒಂದು ಕಡೆ ಹೋಗಿ. ನಿಂತ ಭಂಗಿಯ ದ್ವಿಭುಜ ಗಣಪತಿಯ ಇಡಗುಂಜಿಯೋ, ಅಪ್ಸರಕೊಂಡದ ಗುಡ್ಡವೋ. ನನ್ನ ಮಟ್ಟಿಗೆ ಅಪ್ಸರಕೊಂಡ: ಮೇಲಿನ ಉದ್ಯಾನದಿಂದ ಕಡಲು ಉದ್ದಕ್ಕೂ ಕಾಣುತ್ತದೆ, ಮಳೆ ಕಳೆದ ಹೊಸತಾಗಿದ್ದರೆ ಕೆಳಗಿನ ಜಲಪಾತದಲ್ಲಿ ನೀರೂ ಇರುತ್ತದೆ. ಶನಿವಾರ ರಾತ್ರಿ ಹತ್ತಿರದಲ್ಲಿ ಯಕ್ಷಗಾನ ಇರುವುದು ಗೊತ್ತಾದರೆ ಎರಡನ್ನೂ ಬಿಟ್ಟು ಆಟ ನೋಡಿ, ಭಾನುವಾರ ಮಲಗಿ. ಇದು ಯಕ್ಷಗಾನ ಕಲಾವಿದರ ಮನೆತನವಾದ ಕೆರೆಮನೆಯವರ ಸೀಮೆ, ಅವರ ಇಡಗುಂಜಿ ಮೇಳ ಹುಟ್ಟಿದ್ದು 1934ರಲ್ಲಿ. ಆಟದ ಬೆಲೆ ತಿಳಿದ ಪ್ರೇಕ್ಷಕರ ನಡುವೆ ಕುಳಿತು ನೋಡುವ ಸುಖವೇ ಬೇರೆ.

ಮರಳುವ ರೈಲಿಗೆ ಆಟೋವನ್ನು ಮಧ್ಯಾಹ್ನವೇ ಹೇಳಿಡಿ, ನಿಲ್ದಾಣ ಊರಿನಿಂದ ಸ್ವಲ್ಪ ಹೊರಗಿದೆ. ಮನೆಗೆ ಒಯ್ಯುವುದಿದ್ದರೆ ಒಣಗಿಸಿದ ಮುರುಗಲು (ಕೋಕಂ) ಸಿಪ್ಪೆ ಕೊಳ್ಳಿ. ಕಡುಗೆಂಪು ಬಣ್ಣದ, ಮುಟ್ಟಿದರೆ ಮೆತ್ತಗಿರುವ ಸಿಪ್ಪೆಯನ್ನು ನೋಡಿ ಆರಿಸಿ. ಬಾಟಲಿಯ ಶರಬತ್ತಿನ ಚೀಟಿಯಲ್ಲಿ ಕೃತಕ ಬಣ್ಣದ ಹೆಸರು ಕಂಡರೆ ಅಲ್ಲೇ ಇಟ್ಟುಬಿಡಿ. ಭಾನುವಾರ ಪೇಟೆಯ ಅಂಗಡಿಗಳು ಮುಚ್ಚಿರಬಹುದು, ಶನಿವಾರ ದೋಣಿಗೆ ಹೋಗುವ ದಾರಿಯಲ್ಲೇ ಕೊಂಡುಕೊಳ್ಳಿ.