ಅಜ್ಜನ ಮುಪ್ಪಿನ ಪದ್ಯಗಳಿಗೆ ಪ್ರಸ್ತಾರ ಹಾಕಿದ್ದು

ಎಂಬತ್ತು ದಾಟಿದ ಮೇಲೆ ಅಜ್ಜ ಮುಪ್ಪಿನ ಕುರಿತು ಬರೆದ ಸುಮಾರು ಇಪ್ಪತ್ತೈದು ಪದ್ಯಗಳ ಮೂಲ ಹಾಳೆಗಳನ್ನು ಗೆದ್ದಲು ತಿಂದಿದೆ. ಅತ್ತೆ ಮಾಡಿಟ್ಟ ನಕಲು ಮಾತ್ರ ಉಳಿದಿದೆ. ಅವು ಭಾಮಿನಿ ಷಟ್ಪದಿಗಳೆಂದು ನಾನು ಹೇಳಿದಾಗ ಕುಂಬಳೆ ಕಡೆಯ ನಮ್ಮ ಬಳಗದಲ್ಲಿ ಯಾರೂ ಒಪ್ಪಲಿಲ್ಲ. ಆರು ಸಾಲಿನ ಈ ಛಂದಸ್ಸಿನಲ್ಲಿ ಮೂರು, ನಾಲ್ಕು ಮಾತ್ರೆಗಳ ಗುಂಪುಗಳು (ಗಣಗಳು) ಒಂದಾದ ಮೇಲೊಂದು ಬರುತ್ತವೆ; ಮೂರನೆಯ ಮತ್ತು ಆರನೆಯ ಸಾಲಿಗೆ 23 ಮಾತ್ರೆ, ಉಳಿದ ನಾಲ್ಕಕ್ಕೆ 14 ಇರಬೇಕು. ಪ್ರಸ್ತಾರ ಹಾಕಿದರೆ, ಅಂದರೆ ಒಂದು ಮಾತ್ರೆಯ ಲಘು, ಎರಡು ಮಾತ್ರೆಯ ಗುರು ಅಕ್ಷರಗಳನ್ನು ಗುರುತಿಸಿ ಎಣಿಸಿದರೆ, 14 ಇರಬೇಕಾದ ಸಾಲುಗಳಲ್ಲಿ ಒಂದಕ್ಕೆ 14, ಇನ್ನೊಂದಕ್ಕೆ 16 ಬರುತ್ತಿತ್ತು. "ಮುದುಕರ ಲಹರಿ ಮಾರಾಯ, ಅದರಲ್ಲಿ ಛಂದಸ್ಸು ಹುಡುಕಬೇಡ" ಎಂದು ನಿವೃತ್ತ ಮಾಷ್ಟ್ರೊಬ್ಬರು ನಕ್ಕರು.

ಆ 16 ನನ್ನ ಒಂದು ತಿಂಗಳನ್ನು ನುಂಗಿತು. "ಒಡಲು ಇದೊಂದು ಒಡಕಾದ ಮಡಕೆಯು" ಎಂಬ ಸಾಲನ್ನು ನಾಲ್ಕು ನಾಲ್ಕು ಮಾತ್ರೆಗಳಾಗಿ ಕಡಿದರೆ, ನಾಲ್ಕರ ಗಣಗಳ ಇನ್ನೊಂದು ಷಟ್ಪದಿಯಾದ ಪರಿವರ್ಧಿನಿಯಂತೆ ಕಾಣುತ್ತದೆ; ಆದರೆ ಮೂರನೆಯ ಗಣ "ಡಕಾದ" ಎಂದಾಗಿ, ಲಘುವಿನ ಮೇಲೆ ಗುರು ಬಂದು ಮುಗ್ಗರಿಸುತ್ತದೆ. ನಡುವೆ ಎರಡು ಸಾವಿರದಷ್ಟು ಕೊಟ್ಟು ಬೆರಳಚ್ಚು ಮಾಡಿಸಿದೆ. ಬಂದ ಪ್ರತಿಯಲ್ಲಿ ಡಕಾರ ಅಲ್ಲಲ್ಲಿ ದಕಾರವಾಗಿ, ಎಲ್ಲ ಸಾಲುಗಳ ಎರಡನೆಯ ಅಕ್ಷರ ಒಂದೇ ಆಗಿರಬೇಕಾದ ಪ್ರಾಸವೇ ಕೆಟ್ಟಿತ್ತು. ಯಕ್ಷಗಾನದ ಭಾಗವತರೊಬ್ಬರಿಂದ ಹಾಡಿಸಿಯೂ ನೋಡಿದೆ. ಭಾಮಿನಿಯನ್ನು ಅವರು ತಾಳವಿಲ್ಲದೆ ಎಳೆದು ಹಾಡುವುದರಿಂದ ಹೆಚ್ಚಿನ ಎರಡು ಮಾತ್ರೆಗಳು ರಾಗದಲ್ಲಿ ಕರಗಿಹೋದವು. ಕೇಳಲು ಸೊಗಸಾಗಿತ್ತು, ಲೆಕ್ಕಕ್ಕೆ ಏನೂ ಸಿಗಲಿಲ್ಲ.

ದಾರಿ ತೋರಿಸಿದ್ದು ಪ್ರಾಸ. 1911ರಲ್ಲೇ ಪ್ರಾಸವನ್ನು ತೊರೆದ ಗೋವಿಂದ ಪೈಗಳ ಮಂಜೇಶ್ವರ ನಮಗೆ ದೂರವಲ್ಲ. ಅಜ್ಜ ಮಾತ್ರ ಅದನ್ನು ಬಿಟ್ಟವರಲ್ಲ. ಇದೇ ಪದ್ಯದ ಮೊದಲೆರಡು ಸಾಲುಗಳು ಹೀಗಿವೆ:

ನಡೆಯ ಕೋಲಿಗೆ ಕೊಟ್ಟೆ ನುಡಿಯನು
ಕೆಡಿಸಿತೀ ಹಾಳಾದ ಕೆಮ್ಮಲು

ಆರೂ ಸಾಲುಗಳಲ್ಲಿ ಎರಡನೆಯ ಅಕ್ಷರ ಡಕಾರ, ಅದರ ಹಿಂದೆ ಹ್ರಸ್ವ, ಅಚ್ಚುಕಟ್ಟಾದ ಸಿಂಹಪ್ರಾಸ. ಇಷ್ಟು ಬಿಗಿ ಹಿಡಿದವರು ಮಾತ್ರೆಯಲ್ಲಿ ಎಡವುವುದುಂಟೇ? ಆಗ ಹೊಳೆಯಿತು, ಎರಡನೆಯ ಸಾಲಿನ "ಕೆಡಿಸಿತೀ" (ಕೆಡಿಸಿತು, ಈ) ಕೂಡಿಕೊಂಡೇ ಉಳಿದಿದೆ, ನಾಲ್ಕನೆಯದಾದ ಒಡಲಿನ ಸಾಲನ್ನು ಅತ್ತೆ ಅರ್ಥವಾಗಲೆಂದು ಬಿಡಿಸಿ ಬರೆದಿದ್ದಾರೆ. ಪದಗಳು ಕೂಡುವಾಗ ಮೊದಲ ಪದದ ಕೊನೆಯ ಸ್ವರ ಬಿಟ್ಟುಹೋಗುವ ಲೋಪಸಂಧಿಯನ್ನು ಮರಳಿ ಕೂಡಿಸಿದೆ: "ಒಡಲಿದೊಂದೊಡಕಾದ ಮಡಕೆಯು". ಒಡಲಿ, ದೊಂದೊಡ, ಕಾದ, ಮಡಕೆಯು. ಮೂರು, ನಾಲ್ಕು, ಮೂರು, ನಾಲ್ಕು. ಹೀಗೆ ಕೂಡಿಸುತ್ತ ಹೋದಂತೆ ಇಪ್ಪತ್ತಕ್ಕೂ ಹೆಚ್ಚು ಪದ್ಯಗಳು ಭಾಮಿನಿಯ ಆರು ಸಾಲಿಗೆ ಬೇಕಾದ 102 ಮಾತ್ರೆಗಳಿಗೆ ಬಂದು ನಿಂತವು. ಬಿಡಿಸಿದಾಗ ಮುರಿದಂತಿದ್ದ ಮಡಕೆಯ ಸಾಲು ಈಗ ಉಸಿರು ಕಟ್ಟದೆ ಸಾಗುತ್ತದೆ. ದೇಹ ಒಡಕೆನ್ನುವ ಮಾತನ್ನು ಅಜ್ಜ ಒಂದೂ ಬಿರುಕಿಲ್ಲದ ಸಾಲಿನಲ್ಲಿ ಹೇಳಿದ್ದಾರೆ. ಈ ಒಂದು ಮಾತನ್ನು ಬಳಗದಲ್ಲಿ ನನಗಿಂತ ಮೊದಲು ಯಾರೂ ಕಂಡಿರಲಿಲ್ಲ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಸಂಧಿ ಕೂಡಿಸಿದರೂ ಬಗ್ಗದ ಮೂರು ಪದ್ಯಗಳನ್ನು ಹೇಗೆ ಸರಿಪಡಿಸಿದೆನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಮಾಷ್ಟ್ರು ಅದಕ್ಕಾಗಿಯೇ ಎರಡು ಸಲ ಮನೆಗೆ ಬಂದು ಹೋಗಿದ್ದಾರೆ.